ಟ್ಯಾಬು ಗುರುತಿಸದ ಬೆರಳು

ಟ್ಯಾಬಿನಲ್ಲಿ ತುಂಬಿಸುವ ಪ್ರಶ್ನಾವಳಿಯ ಬಗ್ಗೆ ರೋಗಿಗಳ ಅಭಿಪ್ರಾಯವೇನು, ಒಂದು ಪುಟ ಮೀರದಂತೆ ಬರೆದು ಕಳಿಸಿ ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು. ಕಳಿಸಿದೆ. ಬಹುತೇಕರಿಗೆ ಅನುಕೂಲವಾಗಿದೆ, ಕೆಲವರಿಗೆ ಓದಲು ತೊಂದರೆ, ಇಂಟರ್ನೆಟ್ ಆಗಾಗ ಕೈಕೊಡುತ್ತದೆ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಪುಟದಲ್ಲಿ ಆಕೆ ಇರಲಿಲ್ಲ. ಆಕೆ ಇಲ್ಲದ ಮೇಲೆ ಅದೆಂಥ ಅಭಿಪ್ರಾಯ ಎಂದು ಒಂದು ವಾರ ನನ್ನೊಳಗೇ ಜಗಳವಾಡಿ, ಈಗ ಇದನ್ನು ಬರೆಯಲು ಕುಳಿತಿದ್ದೇನೆ.

ಹೆಸರು ಬರೆಯುವಂತಿಲ್ಲ. ನಾನು ಎಚ್.ಐ.ವಿ. ಇರುವವರಿಗೆ ಔಷಧಿ ಕೊಡುವ ಒಂದು ಸರ್ಕಾರಿ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ನಮ್ಮಲ್ಲಿ ಹೆಸರು ಬಾಯಿ ಬಿಡುವುದಕ್ಕಿಂತ ದೊಡ್ಡ ತಪ್ಪಿಲ್ಲ. ದವಾಖಾನೆ ಯಾವ ಊರಿನದು ಎಂಬುದನ್ನೂ ಹೇಳುವುದಿಲ್ಲ. ಆಕೆ ಗಜೇಂದ್ರಗಡದವಳು, ಕೈಮಗ್ಗದ ಸೀರೆ ನೇಯುವವಳು ಎಂದಷ್ಟೇ ಹೇಳಬಹುದು. ಆ ಊರಿನಲ್ಲಿ ಮಗ್ಗದ ಸದ್ದು ಕೇಳದ ಓಣಿ ಹುಡುಕುವುದೇ ಕಷ್ಟ. ಆದ್ದರಿಂದ ಇಷ್ಟು ಹೇಳಿದರೂ ಯಾರೂ ಆಕೆಯ ಮನೆಯ ಬಾಗಿಲಿಗೆ ಹೋಗಿ ನಿಲ್ಲಲಾರರು.

ಗುಳಿಗೆ ಆಕೆಯ ಊರಿನಲ್ಲೇ ಸಿಗುತ್ತಿತ್ತು. ಆದರೂ ಎಂಟು ವರ್ಷ ನಮ್ಮಲ್ಲಿಗೇ ಬಂದಳು. ಬೆಳಿಗ್ಗೆ ಗಜೇಂದ್ರಗಡದಲ್ಲಿ ಬಸ್ಸು ಹತ್ತಿ, ರೋಣದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿಯಬೇಕು. ಹೆಗಲಿಗೆ ಯಾವಾಗಲೂ ಬಣ್ಣದ ನೂಲು ಇಣುಕುವ ಒಂದು ಚೀಲ. ಬಸ್ಸಿನಲ್ಲಿ ಗುರುತಿನವರು ಸಿಕ್ಕರೆ ನೂಲು ತರಲು ಹೊರಟಿದ್ದೇನೆ ಎಂದು ಹೇಳಲು ಸಾಕ್ಷಿ ಬೇಕಲ್ಲ! ಆ ನೂಲು ಎಷ್ಟು ಸಲ ಹಾಗೆ ಊರು ಸುತ್ತಿ ವಾಪಸು ಹೋಯಿತೋ ಲೆಕ್ಕವಿಲ್ಲ. "ಈ ನೂಲಿಗೆ ನನಗಿಂತ ಹೆಚ್ಚು ಊರು ಗೊತ್ರಿ" ಎಂದು ಒಮ್ಮೆ ತಾನೇ ನಕ್ಕಿದ್ದಳು.

ಅರ್ಧ ಡಜನ್ ಕುರ್ಚಿ ಖಾಲಿ ಇದ್ದರೂ ನೀರಿನ ಫಿಲ್ಟರಿನ ಪಕ್ಕದ ಬೆಂಚಿನ ತುದಿಯಲ್ಲೇ ಕೂರುತ್ತಿದ್ದಳು. ಯಾರಾದರೂ ಪರಿಚಿತರು ಬಂದರೆ ಎದ್ದು ಲೋಟಕ್ಕೆ ನೀರು ಹಿಡಿಯುತ್ತ ಬೆನ್ನು ತಿರುಗಿಸಬಹುದು ಎಂಬ ಲೆಕ್ಕಾಚಾರ. ಅದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಆಕೆಗೆ ಬಾಯಾರಿಕೆ ಜಾಸ್ತಿ ಎಂದುಕೊಂಡು ಸಕ್ಕರೆ ಕಾಯಿಲೆಯ ಪರೀಕ್ಷೆಗೂ ಕಳಿಸಿದ್ದೆ. ಎರಡು ಸಲ!

ಕಾಯಿಲೆ ಗಂಡನಿಂದ ಬಂದದ್ದು. ಗಂಡ ಹೋಗಿಯೂ ಎಂಟು ವರ್ಷವಾಗಿತ್ತು. ಆ ಬಗ್ಗೆ ಒಂದೇ ಸಲ ಮಾತಾಡಿದಳು. "ಬೈಯಬೇಕಂದ್ರ ಮನಿಷ್ಯಾ ಇಲ್ರಿ. ಗ್ವಾಡಿಗೆ ಬೈದ ಏನ್ ಮಾಡ್ಲಿ? ಅಷ್ಟೊತ್ತಿಗೆ ಒಂದು ಮೊಳ ನೇಯ್ತೀನಿ" ಅಂದಳು. ಮಗನನ್ನು ಸಾಕಿದಳು, ಮದುವೆ ಮಾಡಿದಳು. ಮಗನಿಗೂ ವಿಷಯ ಗೊತ್ತಿರಲಿಲ್ಲ. ತಾಯಿ ರಕ್ತ ಕಡಿಮೆ ಇದೆಯೆಂದು ಗುಳಿಗೆ ನುಂಗುತ್ತಾಳೆ ಎಂದು ಅವನು ತಿಳಿದಿದ್ದ.

ಹೀಗಿರುವಾಗ ನಮ್ಮ ಕೇಂದ್ರಕ್ಕೆ ಟ್ಯಾಬು ಬಂತು. ಡಾಕ್ಟರನ್ನು ನೋಡುವ ಮೊದಲು ಪ್ರತಿಯೊಬ್ಬರೂ ಅದರಲ್ಲಿ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಇವತ್ತು ಹೇಗಿದ್ದೀರಿ, ನಿದ್ದೆ ಬರುತ್ತದೆಯೇ, ಗುಳಿಗೆ ಎಷ್ಟು ಸಲ ತಪ್ಪಿತು, ಯಾಕೆ ತಪ್ಪಿತು, ಮನಸ್ಸಿಗೆ ಬೇಸರವಿದೆಯೇ, ಮನೆಯಲ್ಲಿ ಯಾರಿಗೆ ಗೊತ್ತು, ಇಂಥವು. ಉತ್ತರಗಳು ನೇರವಾಗಿ ಡಾಕ್ಟರ ಕಂಪ್ಯೂಟರಿಗೆ ಹೋಗುತ್ತವೆ. ತರಬೇತಿಗೆ ಹೋಗಿ ಬಂದವಳು ನಾನೊಬ್ಬಳೇ. ಹೊಸ ಸೊಸೆ ಬಂದ ಮನೆಯ ಹಾಗೆ ಆ ಟ್ಯಾಬಿಗೆ ಕವರು, ಒರೆಸಲು ಬಟ್ಟೆ, ಚಾರ್ಜಿಗೆ ಬೇರೆ ಜಾಗ, ಎಲ್ಲ ಉಪಚಾರ ಮಾಡಿದೆ.

ಆಕೆಯ ಕೈಗೆ ಕೊಟ್ಟಾಗ ಮೊದಲ ದಿನವೇ ಪಂಚಾಯಿತಿ. ಆಕೆ ಒತ್ತುತ್ತಾಳೆ, ಟ್ಯಾಬು ಸುಮ್ಮನಿರುತ್ತದೆ. ಇನ್ನೂ ಗಟ್ಟಿಯಾಗಿ ಒತ್ತುತ್ತಾಳೆ, ಆಗಲೂ ಸುಮ್ಮನೆ. ಗಂಜಿ ಹಚ್ಚಿದ ನೂಲನ್ನು ವರ್ಷಗಟ್ಟಲೆ ಹೊಸೆದು, ಗಂಟು ಹಾಕಿ, ಬೆರಳ ತುದಿಯ ಚರ್ಮ ಒಣಗಿ ದಡ್ಡುಗಟ್ಟಿತ್ತು. ಗಾಜಿಗೆ ಅದು ಬೆರಳು ಎಂದೇ ತಿಳಿಯಲಿಲ್ಲ. "ನಿಮ್ಮ ಪಾಟಿಗೆ ನಾ ಕಾಣವಲ್ನೇನ್ರಿ?" ಎಂದಳು. ನಮ್ಮ ಕಡೆ ಸ್ಲೇಟಿಗೆ ಪಾಟಿ ಅನ್ನುತ್ತಾರೆ. ಆಕೆ ಟ್ಯಾಬಿಗೆ ಇವತ್ತಿಗೂ ಪಾಟಿ ಎಂದೇ ಅನ್ನುತ್ತಾಳೆ.

ಹಿಂದೆ ಇಪ್ಪತ್ತು ಜನ ಕೂತಿದ್ದರು. ನನಗೆ ತಾಳ್ಮೆ ಎಂಬುದನ್ನು ದೇವರು ಅಳತೆ ಮಾಡಿಯೇ ಕೊಟ್ಟಿದ್ದಾನೆ. "ಕೊಡ್ರಿ ಇಲ್ಲೆ, ನಾ ಕೇಳ್ತೀನಿ, ನೀವು ಹೇಳ್ರಿ" ಎಂದು ಟ್ಯಾಬು ಕಸಿದುಕೊಂಡೆ.

"ಆರಾಮ ಅದೀರಲ್ಲ?"

"ಆರಾಮ್ರಿ."

"ನಿದ್ದಿ ಬರ್ತೈತಲ್ಲ?"

"ಬರ್ತೈತ್ರಿ."

"ಗುಳಿಗಿ ತಪ್ಪಿಸಿಲ್ಲಲ್ಲ?"

ಆಕೆ ಕ್ಷಣ ನನ್ನ ಮುಖ ನೋಡಿದಳು. "ಇಲ್ರಿ" ಎಂದಳು. ಟಕ್ ಟಕ್ ಎಂದು ಒತ್ತಿ ಎರಡು ನಿಮಿಷದಲ್ಲಿ ಮುಗಿಸಿದೆ. ಆಮೇಲೆ ಅದೇ ರೂಢಿಯಾಯಿತು. ಆಕೆ ಬಂದರೆ ಟ್ಯಾಬು ನನ್ನ ಕೈಯಲ್ಲೇ. ಆಕೆಯೊಬ್ಬಳಿಗೇ ಅಲ್ಲ, ಓದು ಬಾರದವರು, ಕಣ್ಣು ಮಂಜಾದವರು, ಬಸ್ಸಿಗೆ ಅವಸರ ಇದ್ದವರು, ಎಲ್ಲರಿಗೂ ನಾನೇ ಒತ್ತಿದೆ. ಟ್ಯಾಬಿನ ಲೆಕ್ಕದಲ್ಲಿ ನಮ್ಮ ರೋಗಿಗಳು ಎಲ್ಲರೂ ಗುಳಿಗೆ ತಪ್ಪಿಸದವರು, ಎಲ್ಲರೂ ಚೆನ್ನಾಗಿ ನಿದ್ದೆ ಮಾಡುವವರು, ಎಲ್ಲರೂ ನಗುಮುಖದವರು. ಮೇಲಿನವರು ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ನಾನೂ ಸೀರೆಯ ನಿರಿಗೆ ಸರಿಮಾಡಿಕೊಂಡು ಎದ್ದುನಿಂತು ಕೈಮುಗಿದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ವರ್ಷ ಆಕೆಯ ರಕ್ತದ ವರದಿ ಬಂತು. ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಅದು. ಏಳು ವರ್ಷ ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇದ್ದದ್ದು ಈ ಸಲ ಏರಿಬಿಟ್ಟಿತ್ತು. ಡಾಕ್ಟರು ಹಾಳೆ ನನ್ನ ಮುಂದಿಟ್ಟು, "ಗುಳಿಗೆ ನುಂಗ್ತಿಲ್ಲ ಇವರು. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ತೆಗೀರಿ. ಆಗಲೂ ಹಿಂಗೇ ಇದ್ದರೆ ಈ ಔಷಧಿ ಇವರಿಗೆ ಇನ್ನು ನಡೆಯೋದಿಲ್ಲ, ಬದಲಿಸಬೇಕಾಗುತ್ತೆ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಅತಿ ಶಿಸ್ತಿನ ರೋಗಿ, ನನಗೇ ಸುಳ್ಳು ಹೇಳಿದ್ದಾಳೆ! ಆಕೆಯನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಶುರುಮಾಡಿದೆ. "ಏನ್ ತಿಳ್ಕೊಂಡೀರಿ ಯಕ್ಕಾ ನೀವು? ಪ್ರತಿ ಸಲ ತಪ್ಪಿಸಿಲ್ಲ ಅಂತ ಒತ್ತೀರಿ. ಇಲ್ಲಿ ನೋಡಿದ್ರ ಹಿಂಗೈತಿ. ಯಾರಿಗ ಮೋಸ ಮಾಡಾಕತ್ತೀರಿ?"

ಆಕೆ ಚೀಲವನ್ನು ತೊಡೆಯ ಮೇಲಿಂದ ಇಳಿಸಿ ನೆಲದ ಮೇಲಿಟ್ಟಳು. ದನಿ ಏರಿಸಲಿಲ್ಲ.

"ಒತ್ತಿದವ್ರು ನೀವ್ರಿ, ಅಕ್ಕಾರ. ನಾ ಅಲ್ಲ."

ನನ್ನ ಕಣ್ಣು ಮೇಜಿನ ಮೇಲಿದ್ದ ಟ್ಯಾಬಿನ ಕಡೆ ಹೋಯಿತು.

"ತಪ್ಪಿಸಿಲ್ಲಲ್ಲ ಅಂತ ಕೇಳಿದ್ರಿ. ಹಂಗ ಕೇಳಿದ್ರ ತಪ್ಪಿಸೀನಿ ಅಂತ ಯಾವ ಬಾಯೀಲೆ ಹೇಳ್ಲಿ? ಎಂಟು ವರ್ಷ ನನ್ನ ಮ್ಯಾಲೆ ಜೀವಾ ಮಾಡೀರಿ. ನಿಮ್ಮ ಮುಖಾ ನೋಡ್ಕೋಂತ ಹೇಳಾಕ ನನಗ ಆಗಂಗಿಲ್ಲ. ಆ ಪಾಟಿಗೆ ಮುಖಾ ಇಲ್ರಿ. ಅದರ ಮುಂದಾದ್ರ ಹೇಳ್ತಿದ್ನಿ. ನೀವು ನಡುವ ಬಂದು ಕುಂತ್ರಿ."

ಆಮೇಲೆ ಕೈ ಚಾಚಿ, "ಕೊಡ್ರಿ ಅದನ್ನ. ನಾಕನೇ ಇಯತ್ತೆ ತನಾ ಸಾಲಿ ಕಲ್ತೀನಿ. ಓದಾಕ ಬರ್ತೈತಿ ನನಗ" ಎಂದಳು.

ಎಂಟು ವರ್ಷದಲ್ಲಿ ಆಕೆಗೆ ಓದಲು ಬರುತ್ತದೆಯೇ ಎಂದು ನಾನು ಕೇಳಿರಲಿಲ್ಲ. ಟ್ಯಾಬು ಕೊಟ್ಟೆ. ಆಕೆ ಹೆಬ್ಬೆರಳು ಇಟ್ಟಳು, ತೋರುಬೆರಳು ಇಟ್ಟಳು, ಮಧ್ಯದ ಬೆರಳು ಇಟ್ಟಳು. ಆಮೇಲೆ ಎಡಗೈಯ ಕಿರುಬೆರಳು. ಟ್ಯಾಬು ತಟ್ಟನೆ ಮುಂದಿನ ಪ್ರಶ್ನೆಗೆ ಹೋಯಿತು. ಆಕೆಯ ಮುಖ ಅರಳಿತು. "ಇದೊಂದ ಬೆರಳ ದುಡದಿಲ್ಲ ನೋಡ್ರಿ. ಅದಕ್ಕ ನಿಮ್ಮ ಪಾಟಿಗೆ ಸೇರೇತಿ!" ಎಂದಳು. ಅಷ್ಟು ಹೊತ್ತು ಬೈದು ನಿಂತಿದ್ದ ನಾನು, ಬೈಸಿಕೊಂಡು ಕೂತಿದ್ದ ಆಕೆ, ಇಬ್ಬರೂ ನಕ್ಕೆವು.

ಮುಗಿಸಲು ಅರ್ಧ ಗಂಟೆ ಹಿಡಿಯಿತು. ಒಂದೊಂದು ಪ್ರಶ್ನೆಯನ್ನೂ ತುಟಿಯಲ್ಲಾಡಿಸಿ ಓದಿದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತರೂ ಓರೆಗಣ್ಣು ಅತ್ತಲೇ ಇತ್ತು. ಗುಳಿಗೆ ಎಷ್ಟು ಸಲ ತಪ್ಪಿತು ಎಂಬುದಕ್ಕೆ ‘ಹತ್ತಕ್ಕಿಂತ ಹೆಚ್ಚು’ ಒತ್ತಿದ್ದಳು. ಕಾರಣಕ್ಕೆ ‘ಯಾರಾದರೂ ನೋಡುತ್ತಾರೆ ಎಂಬ ಹೆದರಿಕೆ’. ಮನೆಯಲ್ಲಿ ಯಾರಿಗೆ ಗೊತ್ತು ಎಂಬ ಪ್ರಶ್ನೆಗೆ ಬಂದಾಗ ಮಾತ್ರ ಕಿರುಬೆರಳು ಗಾಳಿಯಲ್ಲೇ ನಿಂತಿತು. ಬಹಳ ಹೊತ್ತಿನ ಮೇಲೆ ‘ಯಾರಿಗೂ ಗೊತ್ತಿಲ್ಲ’ ಒತ್ತಿ ಟ್ಯಾಬು ಮಗುಚಿ ಇಟ್ಟಳು.

ಆಮೇಲೆ ಹೇಳಿದಳು. ಆಕೆ ಗುಳಿಗೆಯ ಬಾಟಲಿಯನ್ನು ಏಳು ವರ್ಷ ಇಟ್ಟದ್ದು ರಾಟೆಯ ಪಕ್ಕದ ತಗಡಿನ ಡಬ್ಬಿಯಲ್ಲಿ. ಲಾಳಿಗೆ ಹಾಕುವ ನೂಲನ್ನು ರಾಟೆಯಲ್ಲಿ ಸುತ್ತಿ ಕಂಡಿಕೆ ಮಾಡುತ್ತಾರಲ್ಲ, ಆ ಕಂಡಿಕೆಗಳ ಡಬ್ಬಿ. ಬಾಟಲಿಯ ಚೀಟಿ ಕಿತ್ತು, ಗುಳಿಗೆ ಸಪ್ಪಳ ಮಾಡದಂತೆ ನೂಲಿನ ಚೂರು ತುಂಬಿ, ಕಂಡಿಕೆಗಳ ಕೆಳಗೆ ಮುಚ್ಚಿಡುತ್ತಿದ್ದಳು. ಆ ಡಬ್ಬಿಗೆ ಆಕೆಯನ್ನು ಬಿಟ್ಟು ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ. ಮಗನ ಮದುವೆಯಾಯಿತು.

"ನಮ್ಮ ಮನ್ಯಾಗ ಹೊಸಾ ಸೊಸಿ ಬಂದ್ಲಂದ್ರ ಮೊದಲ ರಾಟಿ ಕೊಡೂದು ಪದ್ಧತಿ ಐತ್ರಿ. ರಾಟಿ ಜೋಡಿ ಡಬ್ಬಿನೂ ಕೊಡಬೇಕು. ನಮ್ಮತ್ತಿ ನನಗ ಹಂಗ ಕೊಟ್ಟಿದ್ರು. ನಾ ಕೊಡಂಗಿಲ್ಲ ಅಂದ್ರ ಮಂದಿ ಏನಂದಾರು? ಈಕೀಗ ಸೊಸಿ ಸೇರವಲ್ಲದು ಅಂತಾರ. ಹಿಂದಿನ ದಿನಾನ ಬಾಟ್ಲಿ ತಗದು ಜ್ವಾಳದ ಚೀಲದಾಗ ಹಾಕೀನಿ. ಚೀಲಾ ಇರೂದು ಅಡಗೀಮನ್ಯಾಗ. ಸೊಸಿ ಇರೂದೂ ಅಲ್ಲೇ. ಒಂದ ಗುಳಿಗಿ ತಗೋಬೇಕಂದ್ರ ಕಳ್ಳೀ ಹಂಗ ದಾರಿ ಕಾಯ್ಬೇಕು. ಒಮ್ಮೊಮ್ಮಿ ಸಿಗ್ತೈತಿ, ಒಮ್ಮೊಮ್ಮಿ ಇಲ್ಲ."

"ಸೊಸಿಗೆ ಹೇಳಿಬಿಡ್ರಲ್ಲ ಯಕ್ಕಾ" ಎಂದೆ. ನಮ್ಮಂಥವರಿಗೆ ಸಲಹೆ ಕೊಡುವುದೇನು ಕಷ್ಟ!

"ಹುಡುಗಿ ಚಲೋ ಐತ್ರಿ. ಅದಕ್ಕ ಅಂಜಿಕಿ. ಕೆಟ್ಟಾಕಿ ಇದ್ದಿದ್ರ ಹೋಗ್ಲಿ ಅಂತಿದ್ನಿ. ನಾ ನೀರು ಕೊಟ್ರ ಆಕಿ ಕುಡೀದ ಇಟ್ಲಂದ್ರ, ನಾ ಏನ್ ಮಾಡ್ಲಿ?"

 ಮೂರು ತಿಂಗಳು ಸಮಯವಿತ್ತು. ಸೊಸೆ ಕೈಬಿಟ್ಟಾಳೆಂದು ಹೆದರಿ ಗುಳಿಗೆ ತಪ್ಪಿಸುತ್ತ ಹೋದರೆ ಔಷಧಿ ಕೈಬಿಡುತ್ತದೆ. ಔಷಧಿ ಉಳಿಸಿಕೊಳ್ಳಬೇಕೆಂದರೆ ಆ ಮಾತು ಆಡಲೇಬೇಕು. ಯಾವುದನ್ನೂ ನಾನು ಆಕೆಯ ಪರವಾಗಿ ಒತ್ತುವಂತಿರಲಿಲ್ಲ.

ನಂತರದ ತಿಂಗಳು ಬಂದಾಗ ಆಕೆ ನನಗೇ ಪಾಠ ಮಾಡಿದಳು. ಟ್ಯಾಬಿನ ಮೊದಲ ಪ್ರಶ್ನೆ, ‘ಇವತ್ತು ಹೇಗಿದ್ದೀರಿ?’ ಕೆಳಗೆ ಐದು ಮುಖಗಳು, ಅಳುಮುಖದಿಂದ ನಗುಮುಖದವರೆಗೆ. ಈಗ ಎಲ್ಲರ ಕೈಗೇ ಟ್ಯಾಬು ಕೊಡುತ್ತಿದ್ದೆ. ಆದರೂ ಎಲ್ಲರೂ ನಗುಮುಖವನ್ನೇ ಒತ್ತುತ್ತಾರೆ ಎಂದು ಆಕೆಯ ಮುಂದೆ ಗೊಣಗಿದೆ.

"ಒತ್ತದ ಏನ್ ಮಾಡ್ತಾರ್ರಿ?" ಎಂದಳು. "ಬಂದ ಕೂಡಲೆ ಹ್ಯಾಂಗದೀರಿ ಅಂದ್ರ ನಮ್ಮ ಮಂದಿ ಆರಾಮ ಅಂತಾರ. ಹೊಳಿ ಬಂದು ಮನಿಯೊಳಗ ಹೊಕ್ಕಿದ್ರೂ ಹೊಳಿ ದಂಡಿ ಹೊಳೆಮಣ್ಣೂರವ್ರು ಮೊದಲ ಆರಾಮ ಅಂದ ಆಮ್ಯಾಲೆ ಹೊಳೀ ಸುದ್ದಿ ಹೇಳ್ತಾರ. ಮೊದಲ್ನೇ ಸಲ ಕೇಳೂದು ಕೇಳೂದ ಅಲ್ರಿ ಅದು. ಕುಂದ್ರಸಬೇಕು, ನೀರು ಕೊಡಬೇಕು, ಮಳಿ ಬೆಳಿ ಮಾತಾಡಬೇಕು. ಆಮ್ಯಾಲೆ ‘ಮತ್ತ?’ ಅನ್ಬೇಕು. ಆವಾಗ ಬರ್ತೈತಿ ನೋಡ್ರಿ ಖರೇ ಮಾತು. ನಿಮ್ಮ ಪಾಟಿ ‘ಮತ್ತ?’ ಅಂತ ಕೇಳಂಗಿಲ್ಲ."

ಈ ಸೀಮೆಯಲ್ಲೇ ಹುಟ್ಟಿ ಬೆಳೆದು, ದಿನಕ್ಕೆ ಐವತ್ತು ಸಲ ಆರಾಮ ಎಂದು ಹೇಳಿಯೂ ಕೇಳಿಯೂ, ಇದು ನನಗೆ ಹೊಳೆದಿರಲಿಲ್ಲ. ಪ್ರಶ್ನಾವಳಿ ಬದಲಿಸುವ ಅಧಿಕಾರ ನಮಗಿಲ್ಲ. ಆದರೆ ಅದರಲ್ಲಿ ಹಿಂದಕ್ಕೆ ಹೋಗುವ ಗುಂಡಿ ಇತ್ತು. ಮಾರನೆಯ ದಿನದಿಂದ, ಎಲ್ಲ ಪ್ರಶ್ನೆ ಮುಗಿದ ಮೇಲೆ ಒಂದು ಲೋಟ ನೀರು ಕೊಟ್ಟು, "ಮತ್ತ? ಮೊದಲ್ನೇದಕ್ಕ ಇನ್ನೊಮ್ಮೆ ಹೋಗಿ ನೋಡ್ರಿ, ಬದಲಿ ಮಾಡೂದಿದ್ರ ಮಾಡ್ರಿ" ಅನ್ನತೊಡಗಿದೆ. ಮುಖಗಳು ಬದಲಾದವು. ನರಗುಂದದ ಕಡೆಯ ಟ್ರ್ಯಾಕ್ಟರ್ ಡ್ರೈವರೊಬ್ಬ, ವರ್ಷಗಟ್ಟಲೆ ನಗೆಚಾಟಿಕೆಯಲ್ಲೇ ದಿನ ಕಳೆದವನು, ನಗುಮುಖದಿಂದ ಸರಿದು ಅಳುಮುಖ ಒತ್ತಿದ. ಮೀಟಿಂಗಿನಲ್ಲಿ ಈ ಸಲ ನನ್ನನ್ನು ಯಾರೂ ಹೊಗಳಲಿಲ್ಲ. ನಮ್ಮ ಅಂಕಿ ಯಾಕೆ ಇಳಿದವು ಎಂದು ಕೇಳಿದರು. "ಈಗ ಖರೇ ಬರಾಕತ್ತೈತ್ರಿ ಸರ್" ಎಂದು ಎದ್ದುನಿಂತೇ ಹೇಳಿದೆ.

ಮೂರು ತಿಂಗಳಾಯಿತು. ಆಕೆ ಬಂದು ರಕ್ತ ಕೊಟ್ಟಳು. ಗುಳಿಗೆ ತಪ್ಪಿಲ್ಲ ಎಂದು ತಾನೇ ಒತ್ತಿದಳು. ಎಲ್ಲಿಡುತ್ತೀರಿ, ಹೇಗೆ ತಗೊಳ್ಳುತ್ತೀರಿ ಎಂದು ಕೇಳುವ ಆಸೆಯಾಯಿತು, ಬಾಯಿ ಬಿಗಿಹಿಡಿದೆ. ಒಂದು ಹೊಸ ಪ್ರಶ್ನೆ ಸೇರಿತ್ತು, ಕಾಯಿಲೆ ಹೇಗೆ ಹರಡುತ್ತದೆ ಎಂಬುದರ ಬಗ್ಗೆ. ಒಟ್ಟಿಗೆ ಉಂಡರೆ ಹರಡುವುದಿಲ್ಲ, ಮುಟ್ಟಿದರೆ ಹರಡುವುದಿಲ್ಲ ಎಂದು ಆಕೆ ಎಲ್ಲವನ್ನೂ ಸರಿಯಾಗಿ ಒತ್ತಿದ್ದಳು. ನಾನು ಕಲಿಸಿದ ಪಾಠ ತಾನೆ ಎಂದು ಬೀಗಿದೆ. ಆ ದಿನ ಆಕೆ ‘ಮನೆಯಲ್ಲಿ ಯಾರಿಗೆ ಗೊತ್ತು’ ಎಂಬುದಕ್ಕೆ ಏನು ಒತ್ತಿದಳೋ ನೋಡಲಿಲ್ಲ. ನೋಡಬಾರದೆಂದು ನಿಶ್ಚಯಿಸಿದ್ದೆ.

ಕೆಲವು ವಾರದ ಮೇಲೆ ವರದಿ ಬಂತು. ವೈರಾಣು ಮತ್ತೆ ಲೆಕ್ಕಕ್ಕೆ ಸಿಗದ ಮಟ್ಟಕ್ಕೆ ಇಳಿದಿತ್ತು. ಹಾಳೆಯನ್ನು ಮೂರು ಸಲ ಓದಿದೆ. ಮುಂದಿನ ತಾರೀಖಿನವರೆಗೆ ಕಾಯಲು ನನ್ನಿಂದಾಗಲಿಲ್ಲ, ಫೋನು ಮಾಡಿದೆ. ಇಂಥ ಕರೆಗೆ ನಮ್ಮಲ್ಲಿ ಒಂದು ಸುಳ್ಳು ಸಿದ್ಧವಿರುತ್ತದೆ, ಬೇರೆಯವರು ಎತ್ತಿದರೆ ದವಾಖಾನೆ ಎಂದು ಹೇಳಬಾರದಲ್ಲ.

ಎತ್ತಿದ್ದು ಎಳೆಯ ದನಿ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

"ಸೀರಿ ಅಂಗಡಿಯವ್ರು ಮಾತಾಡೂದ್ರಿ" ಎಂದೆ.

 "ದವಾಖಾನಿ ಅಕ್ಕಾರೇನ್ರಿ? ಅತ್ತಿ ಎಲ್ಲಾ ಹೇಳ್ಯಾರ್ರಿ ನನಗ. ಮಗ್ಗದಾಗ ಕುಂತಾರ. ರಕ್ತದ್ದು ಏನಾತ್ರಿ?"

ಹೇಳಿದೆ. "ಚಲೋ ಆತ್ರಿ" ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ಅಕ್ಕಾರ, ಒಂದ ತಾಟಿನ್ಯಾಗ ಉಂಡ್ರ ಏನರ ಆಗ್ತೈತೇನ್ರಿ?"

 ಆಕೆ ಹೆದರಿದ್ದ ನೀರಿನ ಲೋಟ ಇದೇ ಎಂದುಕೊಂಡೆ. ಏನೂ ಆಗುವುದಿಲ್ಲ ತಾಯಿ, ಖಂಡಿತ ಏನೂ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

"ನಾನೂ ಅದನ್ನ ಹೇಳೂದ್ರಿ! ನನಗ ಮೂರು ತಿಂಗಳಾಗೇತಿ. ನನಗ ಹೇಳಿದ ದಿನದಿಂದ ಅತ್ತಿ ತಮ್ಮ ತಾಟು, ತಂಬಗಿ ಬ್ಯಾರೆ ಇಟ್ಟಾರ. ದೂರ ಕುಂತು ಉಣ್ತಾರ. ನಿನಗ ಗೊತ್ತಿಲ್ಲ ಸುಮ್ನಿರು ಅಂತಾರ. ನನ್ನ ಮಾತ ಕೇಳವಲ್ರು. ನೀವ ಹೇಳ್ರಿ, ಕೊಡ್ತೀನಿ."

ಮಗ್ಗದ ಸದ್ದು ನಿಂತಿತು. ಫೋನು ಕೈಬದಲಾಯಿತು.  ಎಲ್ಲ ಪ್ರಶ್ನೆಗೂ ಸರಿಯುತ್ತರ ಒತ್ತಿದವಳು, ಬಸುರಿ ಸೊಸೆಯ ಮುಂದೆ ತನ್ನ ಉತ್ತರವನ್ನು ತಾನೇ ನಂಬಲಾರದೆ ಹೋಗಿದ್ದಳು. ನನಗೆ ಅಳು ಬಂತು. ಕೋಣೆಯ ಬಾಗಿಲು ತೆರೆದೇ ಇದ್ದರೂ ಅತ್ತುಬಿಟ್ಟೆ.

"ಯಕ್ಕಾ, ಊಟ ಆತೇನ್ರಿ?" ಎಂದೆ.

"ಇನ್ನೂ ಇಲ್ರಿ."

"ಹಂಗಾದ್ರ ಇವತ್ತ ಸೊಸಿ ಜೋಡಿ ಒಂದ ತಾಟಿನ್ಯಾಗ ಉಣ್ರಿ. ಉಂಡು ನನಗ ಫೋನ್ ಹಚ್ರಿ."

ಒಂದು ತಾಸು ಬಿಟ್ಟು ಫೋನು ಬಂತು. ಸೊಸೆಯದು. "ಉಂಡ್ರು ಅಕ್ಕಾರ" ಎಂದಳು. "ಅಳ್ಕೋಂತ ಉಂಡ್ರು. ಆದ್ರ ಎರಡು ರೊಟ್ಟಿ ಹೆಚ್ಚಿಗೇ ಉಂಡ್ರು."